ಹಾರುವ ಹಕ್ಕಿ, ಆರುವ ಬೆಳಕು

ಚಿತ್ರಗಳ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದೆಂದರೆ ಹಸಿದವರ ಮುಂದೆ ಬರಿಗೈಯಲ್ಲಿ ಕುಳಿತು ಹಬ್ಬದೂಟವನ್ನು ವರ್ಣಿಸಿದಂತೆ. ನಾನು ತೆಗೆದ ಒಂದು ಚಿತ್ರವನ್ನೂ ನಿಮಗೆ ತೋರಿಸಲಾರೆ. ಆದರೂ ಈ ಭಾಷಣಕ್ಕೆ ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ನನ್ನಲ್ಲಿರುವ ಒಂದು ಚಿತ್ರದ ಕಥೆಯನ್ನು, ಆ ಚಿತ್ರವನ್ನು ತೋರಿಸದೆಯೇ ಹೇಳಬೇಕೆಂಬ ಆಸೆ ಬಹುಕಾಲದಿಂದ ಮನಸ್ಸಿನಲ್ಲಿತ್ತು. ಅದಕ್ಕೆ ಬಾನುಲಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಆದರೆ ಆ ಕಥೆ ಅರ್ಥವಾಗಬೇಕಾದರೆ ಹಾರುವ ಹಕ್ಕಿಯನ್ನು ಕಡಿಮೆ ಬೆಳಕಿನಲ್ಲಿ ಚಿತ್ರಿಸುವ ಕಷ್ಟವೇನೆಂಬುದನ್ನು ಮೊದಲು ಹೇಳಬೇಕು.

ಕೃಷ್ಣಾನದಿ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಕಾಲಿಡುವುದು ಬೆಳಗಾವಿ ಜಿಲ್ಲೆಯ ವಾಯವ್ಯದ ಅಂಚಿನಲ್ಲಿ. ನಿಪ್ಪಾಣಿಯ ಕಡೆಯಿಂದ ವೇದಗಂಗೆ, ದೂಧಗಂಗೆಗಳು ಭೋಜದ ಹತ್ತಿರ ಒಂದಾಗಿ, ಚಿಕ್ಕೋಡಿಯ ಸದಲಗಾ ಸೀಮೆಯನ್ನು ಹಾಯ್ದು ಬಂದು ಅದನ್ನು ಕೂಡಿಕೊಳ್ಳುತ್ತವೆ. ಅಲ್ಲಿಂದ ಮುಂದೆ ನದಿಗೆ ಅವಸರವಿಲ್ಲ. ಯಡೂರಿನ ವೀರಭದ್ರನ ಗುಡಿ, ಕಾಗವಾಡದ ಉಗಾರ, ರಾಯಬಾಗದ ಕುಡಚಿ, ಅಥಣಿಯ ದಂಡೆಯ ಹಳ್ಳಿಗಳು, ಇವುಗಳನ್ನೆಲ್ಲ ಬಳಸಿಕೊಂಡು ಹಿಪ್ಪರಗಿಯ ಬ್ಯಾರೇಜಿನತ್ತ ಸಾಗುತ್ತದೆ. ಪಶ್ಚಿಮದಲ್ಲಿ ನಿಪ್ಪಾಣಿಯ ತಂಬಾಕು, ನಡುವೆ ಕಬ್ಬು, ಪೂರ್ವದಲ್ಲಿ ಅಥಣಿಯ ಒಣಬೇಸಾಯದ ಜೋಳ. ಅರಣ್ಯವೆಂದು ಹೇಳಿಕೊಳ್ಳುವಂಥದ್ದು ಇಲ್ಲಿಲ್ಲ. ಸಮೀಪದ ಪಕ್ಷಿಧಾಮವೆಂದರೆ ಗೋಕಾಕ ತಾಲ್ಲೂಕಿನ ಘಟಪ್ರಭಾ. ಆದುದರಿಂದ ನಮ್ಮ ಕಡೆಯ ಹಕ್ಕಿಗಳು ಊರ ಹಕ್ಕಿಗಳು, ಹೊಲದ ಹಕ್ಕಿಗಳು, ಹೊಳೆಯ ಹಕ್ಕಿಗಳು. ಅವುಗಳನ್ನು ನೋಡಲು ಯಾರ ಪರವಾನಗಿಯೂ ಬೇಡ, ಬೇಗ ಎದ್ದರೆ ಸಾಕು.

ತೊಡಕು ಇರುವುದು ಆ ಬೇಗ ಏಳುವುದರಲ್ಲಿಯೇ. ಹಕ್ಕಿಗಳು ಹೆಚ್ಚು ಚಟುವಟಿಕೆಯಿಂದಿರುವುದು ಸೂರ್ಯ ಹುಟ್ಟುವ ಮುನ್ನ ಹಿಂದೆ, ಮತ್ತು ಮುಳುಗುವ ಮುನ್ನ ಹಿಂದೆ. ಬೆಳಕು ಚೆನ್ನಾಗಿರುವ ಮಧ್ಯಾಹ್ನದಲ್ಲಿ ಅವು ನೆರಳು ಹಿಡಿದು ಕುಳಿತುಬಿಡುತ್ತವೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹೊಳೆಯ ಮೇಲೆ ಮಂಜು ಕವಿದಿರುತ್ತದೆ. ಅದೇ ಕಾಲಕ್ಕೆ ಸಕ್ಕರೆ ಕಾರ್ಖಾನೆಗಳು ನಡೆಯುತ್ತಿರುತ್ತವೆ. ಕಟಾವಾದ ಹೊಲಗಳಲ್ಲಿ ಕಬ್ಬಿನ ರವದಿಗೆ ಬೆಂಕಿಯಿಟ್ಟ ಹೊಗೆಯೂ ಸೇರಿ, ಏಳೂವರೆಯವರೆಗೆ ಸೂರ್ಯನೆಂಬುವನು ಒಂದು ತಾಮ್ರದ ತಟ್ಟೆ ಮಾತ್ರ. ಇಂಥ ಬೆಳಕಿನಲ್ಲಿ ಹಕ್ಕಿ ಹಾರುತ್ತದೆ, ನಾವು ಚಿತ್ರ ತೆಗೆಯಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿ ಒಂದು ಸೆಕೆಂಡಿನಲ್ಲಿ 10 ಮೀಟರ್ ಸಾಗುತ್ತದೆ. ಕ್ಯಾಮೆರಾದ ಷಟರು ಸೆಕೆಂಡಿನ 1/1000 ಭಾಗದಷ್ಟು ಹೊತ್ತು ತೆರೆದುಕೊಂಡರೆ ಆ ಅವಧಿಯಲ್ಲಿ ಹಕ್ಕಿ ಸರಿದಿರುವುದು ಒಂದೇ ಸೆಂಟಿಮೀಟರು. 1/60 ಭಾಗದಷ್ಟು ತೆರೆದಿದ್ದರೆ ಸುಮಾರು 17 ಸೆಂಟಿಮೀಟರು, ಅಂದರೆ ಒಂದು ಸಣ್ಣ ಹಕ್ಕಿಯ ಇಡೀ ಮೈಯುದ್ದ. ರೆಕ್ಕೆಯ ತುದಿಯಂತೂ ಮೈಗಿಂತ ವೇಗವಾಗಿ ಚಲಿಸುತ್ತದೆ. ಬೆಳಕು ಕಡಿಮೆಯಾದಂತೆ ಷಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು; ಹೆಚ್ಚು ಹೊತ್ತು ತೆರೆದಿಟ್ಟರೆ ಹಕ್ಕಿ ಚಿತ್ರದಲ್ಲಿ ಉಳಿಯುವುದಿಲ್ಲ, ಅದು ಹಾದುಹೋದ ಗುರುತು ಮಾತ್ರ ಉಳಿಯುತ್ತದೆ.

ನಾನು ಈ ಹವ್ಯಾಸಕ್ಕೆ ಬಿದ್ದ 1980ರ ದಶಕದಲ್ಲಿ ನಮ್ಮ ಕಡೆ ಸುಲಭವಾಗಿ ಸಿಗುತ್ತಿದ್ದುದು ಪೂರ್ವ ಜರ್ಮನಿಯ ಓರ್ವೊ ಫಿಲ್ಮು. ಅದರಲ್ಲಿ ಎನ್‌ಪಿ 27 ಎಂಬುದು ವೇಗದ ಫಿಲ್ಮು, 400 ಎ.ಎಸ್.ಎ. ನನ್ನ 400 ಮಿಲಿಮೀಟರಿನ ಹಳೆಯ ಮಸೂರದ ಅತಿ ಅಗಲವಾದ ಕಂಡಿ ಎಫ್ 5.6. ಮಂಜಿನ ಮುಂಜಾನೆ ಬೆಳಕಿನ ಮಾಪಕವನ್ನು ಹಿಡಿದರೆ ಅದು ತೋರಿಸುತ್ತಿದ್ದುದು 1/30. ಆಗ ಮಾಡಬಹುದಾದ ಒಂದು ಉಪಾಯವೆಂದರೆ, ಫಿಲ್ಮನ್ನು 1600 ಎಂದು ಭಾವಿಸಿಕೊಂಡು 1/125ರಲ್ಲಿ ತೆಗೆದು, ಆಮೇಲೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡುವುದು. ಚಿತ್ರವೇನೋ ಮೂಡುತ್ತದೆ. ಆದರೆ ಅದರ ತುಂಬ ಹೊಳೆಯ ಮರಳು ಚೆಲ್ಲಿದಂತೆ ಕಾಳುಕಾಳು. ಒಂದು ರೋಲಿನಲ್ಲಿ 36 ಚಿತ್ರಗಳು. ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲೆಯಲ್ಲಿ ತೊಳೆದು ನೋಡಿದಾಗ ಮೂವತ್ತಾರರಲ್ಲಿ ಒಂದು ಹಕ್ಕಿಯ ಕಣ್ಣು ತಿಳಿಯಾಗಿ ಕಂಡರೆ ಆ ದಿನ ಮನೆಯಲ್ಲಿ ಸಿಹಿ ಮಾಡಿಸುತ್ತಿದ್ದೆ. ಉಳಿದ ದಿನಗಳಲ್ಲಿ ಬಚ್ಚಲು ಕೆಡಿಸಿದ್ದಕ್ಕೆ ಬೈಗಳು.

ಫ್ಲಾಶ್ ಏಕೆ ಬಳಸಬಾರದು ಎಂದು ಕೇಳುವವರುಂಟು. ದೂರ ಎರಡರಷ್ಟಾದರೆ ಅದರ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಡುಹೊಳೆಯ ಹಕ್ಕಿಗೆ ದಂಡೆಯ ಮೇಲಿನ ಫ್ಲಾಶು ಮಿಂಚುಹುಳದಷ್ಟೇ ಪ್ರಯೋಜನ. ಹತ್ತಿರ ಹೋಗಿ ಬೆಳಗಿಸಿದರೆ ಹಕ್ಕಿ ಬೆದರುತ್ತದೆ. ರಾತ್ರಿಯ ಗೂಬೆಗಂತೂ ಅದು ಕಣ್ಣಿಗೆ ಹೊಡೆದಂತೆ. ಆದಕಾರಣ ಫ್ಲಾಶನ್ನು ನಾನು ಬೇಗನೆ ಕೈಬಿಟ್ಟೆ. ಬೆಳಕಿನ ಕೊರತೆಯನ್ನು ಹಕ್ಕಿಯ ತಿಳುವಳಿಕೆಯಿಂದ ತುಂಬಿಕೊಳ್ಳುವುದೊಂದೇ ಉಳಿದ ಹಾದಿ.

ಆ ತಿಳುವಳಿಕೆಯನ್ನು ನನಗೆ ಮೊದಲು ಕೊಟ್ಟದ್ದು ಗಾಳಿ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿಯೇ. ನಮ್ಮಲ್ಲಿ ಚಳಿಗಾಲದ ಗಾಳಿ ಮೂಡಣ ದಿಕ್ಕಿನದು. ಮುಂಜಾನೆ ಸೂರ್ಯನಿಗೂ ಗಾಳಿಗೂ ಬೆನ್ನುಕೊಟ್ಟು ನಿಂತರೆ, ಎದ್ದ ಹಕ್ಕಿ ನಮ್ಮ ಕಡೆಗೇ ಮುಖ ಮಾಡಿ ಬರುತ್ತದೆ, ಇರುವಷ್ಟು ಬೆಳಕೂ ಅದರ ಮುಖದ ಮೇಲೆಯೇ ಬೀಳುತ್ತದೆ. ಮೇಲಾಗಿ, ಇಳಿಯುವಾಗ ಅದು ಗಾಳಿಯನ್ನು ರೆಕ್ಕೆಯಲ್ಲಿ ತಡೆದು ಒಂದು ಕ್ಷಣ ನಿಂತಂತಾಗುತ್ತದೆ. ಆ ಕ್ಷಣಕ್ಕೆ 1/125 ಸಾಕು. ಇದನ್ನು ಕಂಡುಕೊಳ್ಳಲು ನನಗೆ ಎರಡು ಚಳಿಗಾಲಗಳೂ ಇಪ್ಪತ್ತಕ್ಕೂ ಮಿಕ್ಕ ರೋಲುಗಳೂ ಹಿಡಿದವು. ನಮ್ಮ ಊರಿನ ಯಾವ ರೈತನನ್ನು ಕೇಳಿದ್ದರೂ ರಾಶಿ ತೂರುವವನ ಲೆಕ್ಕದಲ್ಲಿಯೇ ಹೇಳಿಬಿಡುತ್ತಿದ್ದನೇನೋ.

ಎರಡನೆಯ ಗುರು ಕಪ್ಪು ಬಿಳುಪಿನ ಮಿಂಚುಳ್ಳಿ. ಚಿಕ್ಕೋಡಿ, ರಾಯಬಾಗಗಳ ಹೊಳೆದಂಡೆಯಲ್ಲಿ ಹೊಲಗಳಿಗೆ ನೀರೆತ್ತುವ ಜಾಕವೆಲ್ಲುಗಳನ್ನು ನೀವು ಕಂಡಿರಬಹುದು. ನೀರಿನಲ್ಲಿ ನಿಂತ ಎತ್ತರದ ಸಿಮೆಂಟಿನ ಬಾವಿ, ಅದರಿಂದ ದಂಡೆಗೆ ಹಾಸಿದ ಕೊಳವೆ, ಮೇಲೆ ವಿದ್ಯುತ್ತಿನ ತಂತಿ. ಆ ತಂತಿಯ ಮೇಲೆ ಈ ಮಿಂಚುಳ್ಳಿಗಳು ಜೋಡಿಯಾಗಿ ಕುಳಿತಿರುತ್ತವೆ. ಬಣ್ಣದ ಮಿಂಚುಳ್ಳಿಯಂತೆ ಇದು ಕುಳಿತಲ್ಲಿಂದ ನೇರವಾಗಿ ಧುಮುಕುವುದು ಕಡಿಮೆ. ನೀರಿನ ಮೇಲೆ ಬಂದು, ಗಾಳಿಗೆ ಎದುರಾಗಿ, ಮೈಯನ್ನು ಲಂಬವಾಗಿ ನಿಲ್ಲಿಸಿ, ಕೊಕ್ಕನ್ನು ಕೆಳಕ್ಕೆ ಬಾಗಿಸಿ, ರೆಕ್ಕೆಗಳನ್ನು ಪಟಪಟನೆ ಬಡಿಯುತ್ತ ಒಂದೇ ಕಡೆ ತೂಗಿಕೊಂಡಿರುತ್ತದೆ. ರೆಕ್ಕೆ ಎಷ್ಟೇ ಬಡಿಯಲಿ, ಅದರ ತಲೆ ಮಾತ್ರ ಮೊಳೆ ಹೊಡೆದು ನಿಲ್ಲಿಸಿದಂತೆ ನಿಶ್ಚಲ. ಮೀನನ್ನು ಗುರಿ ಹಿಡಿಯಬೇಕಾದ ಕಣ್ಣು ಅಲುಗಾಡುವಂತಿಲ್ಲ.

ಒಂದು ಡಿಸೆಂಬರಿನ ಮುಂಜಾವು ಯಡೂರಿನ ಕೆಳಗಿನ ಜಾಕವೆಲ್ಲೊಂದರ ಬಳಿ ಕಂಬಳಿ ಹೊದ್ದು ಕುಳಿತಿದ್ದೆ. ಮಿಂಚುಳ್ಳಿ ಮತ್ತೆ ಮತ್ತೆ ಅದೇ ಜಾಗದಲ್ಲಿ, ಕೊಳವೆಯ ಬಾಯಿಂದ ಹತ್ತಡಿ ಆಚೆ ಬಂದು ನಿಲ್ಲುತ್ತಿತ್ತು. ನಾನು ಮೊದಲೇ ಆ ಜಾಗಕ್ಕೆ ಮಸೂರವನ್ನು ಹೊಂದಿಸಿಟ್ಟು, ಅದು ಬಂದಾಗಲೆಲ್ಲ 1/60, 1/125ರಲ್ಲಿ ಒಂದೊಂದು ಚಿತ್ರ ತೆಗೆದೆ. ಮನೆಗೆ ಬಂದು ತೊಳೆದಾಗ ಒಂದರಲ್ಲಿ ಹಕ್ಕಿಯ ತಲೆ, ಕಣ್ಣು, ಕೊಕ್ಕು ಎಲ್ಲವೂ ಗೆರೆ ಕೊರೆದಂತೆ ಬಂದಿದ್ದವು. ಎರಡೂ ಬದಿಗೆ ರೆಕ್ಕೆಗಳಿದ್ದಲ್ಲಿ ಬೆಳ್ಳನೆಯ ಎರಡು ಬೀಸಣಿಗೆಗಳು, ಗರಿಗಳ ಲೆಕ್ಕವಿಲ್ಲ. ಮೊದಲು ಇದನ್ನು ಕೆಟ್ಟುಹೋದ ಚಿತ್ರವೆಂದು ಬದಿಗಿಟ್ಟೆ. ಕೆಲವು ದಿನಗಳ ಮೇಲೆ ಪುನಃ ನೋಡಿದಾಗ, ನಾನು ಹೊಳೆದಂಡೆಯಲ್ಲಿ ಕಣ್ಣಾರೆ ಕಂಡದ್ದು ಇದನ್ನೇ ಅಲ್ಲವೇ ಎನಿಸಿತು. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಹೆಪ್ಪುಗಟ್ಟಿಸಿದ ರೆಕ್ಕೆಯನ್ನು ಯಾವ ಮನುಷ್ಯನೂ ನೋಡಿಲ್ಲ. ಬಡಿಯುವ ರೆಕ್ಕೆಯ ಮಸುಕನ್ನೂ ಅದರ ನಡುವಿನ ತಣ್ಣನೆಯ ಕಣ್ಣನ್ನೂ ಎಲ್ಲರೂ ನೋಡಿದ್ದೇವೆ. ಗರಿಗರಿಯೂ ಎಣಿಸುವಂತಿರಬೇಕೆಂಬ ಪಂಡಿತರು ನನ್ನ ಮಾತನ್ನು ಒಪ್ಪಲಾರರು. ಬೆಳಕಿಲ್ಲದವನ ಸಮಾಧಾನವೆಂದು ನಕ್ಕವರೂ ಇದ್ದಾರೆ, ಇರಲಿ.

ಇನ್ನು ಅಥಣಿಯ ಪೂರ್ವದ ಬಯಲು. ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತಿಗೆ ಮಧ್ಯ ಏಷ್ಯದ ಕಡೆಯಿಂದ ಚಳಿಗಾಲಕ್ಕೆ ಬಂದ ಗುಲಾಬಿ ಕಬ್ಬಕ್ಕಿಗಳು, ನಮ್ಮ ಮರಾಠಿ ನೆರೆಯವರು ಭೋರಡಿ ಎನ್ನುವ ಹಕ್ಕಿಗಳು, ಸಾವಿರಗಟ್ಟಲೆ ಇಳಿಯುತ್ತವೆ. ಸಂಜೆ ಜಾಲಿಯ ಗಿಡಗಳಿಗೆ ತಂಗಲು ಹೋಗುವ ಮೊದಲು ಆಕಾಶದಲ್ಲಿ ಇಡೀ ಹಿಂಡು ಒಂದೇ ಮೈಯಾಗಿ ಹೊರಳುತ್ತದೆ. ಹೊಲದ ನಡುವೆ ಮಂಚಿಕೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ಒಬ್ಬ ಹಿರಿಯರು ನನ್ನ ಉದ್ದನೆಯ ಮಸೂರವನ್ನು ನೋಡಿ ಕೇಳಿದರು: “ಏನ್ ಮಾಡಾಕ ಬಂದೀರಿ ಮಾಸ್ತರ್ರ?” “ಫೋಟೋ ಹೊಡ್ಯಾಕ ಬಂದೇನ್ರಿ ಯಜಮಾನ್ರ” ಎಂದೆ. ಅವರು ನಕ್ಕು, “ನಾವೂ ಹೊಡ್ಯಾಕ ಕುಂತೇವಿ, ನೀವೂ ಹೊಡ್ಯಾಕ ಬಂದೀರಿ. ನಿಮ್ಮದು ತಾಗಿದ್ರ ಹಕ್ಕಿ ಸಾಯೂದಿಲ್ಲ, ನಮ್ಮದು ತಾಗೂದ ಇಲ್ಲ” ಎಂದರು. ಅವರು ಕವಣೆ ಬೀಸಿದಾಗ ಎದ್ದ ಹಿಂಡನ್ನು, ಬೆಳಕು ಪೂರಾ ಆರಿದ ಮೇಲೆ, 1/15ರಲ್ಲಿ ತೆಗೆದೆ. ಒಂದು ಹಕ್ಕಿಯೂ ಹಕ್ಕಿಯಾಗಿ ಮೂಡಲಿಲ್ಲ. ಜೋಳದ ತೆನೆಗಳ ಮೇಲೆ ಹೊಗೆಯ ಹಗ್ಗವೊಂದು ಹೊಸೆದಂತೆ ಬಂದಿತು. ನೀರಾವರಿ ಬಂದ ಕಡೆಗಳಲ್ಲಿ ಈಗ ಜೋಳ ಸರಿದು ಕಬ್ಬು ನಿಂತಿದೆ. ಮಂಚಿಕೆಗಳೂ ಕಡಿಮೆಯಾಗಿವೆ.

‘ಹೊಡೆಯುವುದು’ ಎಂಬ ನಮ್ಮ ಮಾತು ಆ ದಿನದಿಂದ ನನ್ನ ತಲೆಯಲ್ಲಿ ಕುಳಿತಿತು. ಈ ಕಲೆಯ ಹುಟ್ಟಿನಲ್ಲಿಯೇ ಬಂದೂಕು ಇದೆ. 1882ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಎಂಬ ಶರೀರಶಾಸ್ತ್ರಜ್ಞ ಹಾರುವ ಹಕ್ಕಿಯ ರೆಕ್ಕೆ ಹೇಗೆ ಚಲಿಸುತ್ತದೆಂದು ತಿಳಿಯಲು ಕೋವಿಯಾಕಾರದ ಕ್ಯಾಮೆರಾವನ್ನೇ ಮಾಡಿಸಿದ. ಹೆಗಲಿಗೆ ಆನಿಸಿ, ಗುರಿಯಿಟ್ಟು, ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರಗಳು. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಹಕ್ಕಿಗಳ ಚಿತ್ರಣದಲ್ಲಿ ಹೆಸರಾಂತವನು. 1937ರಲ್ಲಿ ಗೂಬೆಯೊಂದು ಎರಗಿ ಅವನ ಎಡಗಣ್ಣು ಹೋಯಿತು. ಆಮೇಲೂ ಅವನು ಆ ಕೆಲಸವನ್ನು ಬಿಡಲಿಲ್ಲ. ನಮ್ಮ ನಾಡಿನಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆಯವರು, ರಾಜ್ಯದ ಅರ್ಥಮಂತ್ರಿಗಳಾಗಿದ್ದವರು, ಕಪ್ಪು ಬಿಳುಪಿನಲ್ಲಿಯೇ ವನ್ಯಜೀವಿಗಳ ಬೆಳಕು ನೆರಳನ್ನು ಹಿಡಿದರು. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರನ್ನು ನೋಡಿ ಒಂದು ಪೀಳಿಗೆಯೇ ಕಲಿಯಿತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಥೆ ಬರೆಯುವ ಕೈಯಿಂದಲೇ ಕ್ಯಾಮೆರಾ ಹಿಡಿದು ಕನ್ನಡದ ಓದುಗರಿಗೆ ಹಕ್ಕಿಗಳನ್ನು ಕಾಣಿಸಿಕೊಟ್ಟರು. ಇವರೆಲ್ಲರ ಚಿತ್ರಗಳ ಹಿಂದೆ ಇದ್ದುದು ಗಂಟೆಗಟ್ಟಲೆಯ ಕಾಯುವಿಕೆ. ನನಗೆ ಇರಲಾರದೆ ಹೋದದ್ದು ಅದೇ. ಈಗ ನನ್ನ ಕಥೆಗೆ ಬರುತ್ತೇನೆ.

1986ರ ಏಪ್ರಿಲ್. ನದಿ ಇಳಿದು, ಕುಡಚಿಯ ರೈಲು ಸೇತುವೆಗೂ ಉಗಾರಕ್ಕೂ ನಡುವಿನ ಹರವಿನಲ್ಲಿ ಮರಳಿನ ದಿನ್ನೆಯೊಂದು ಎದ್ದಿತ್ತು. ಅದರ ಮೇಲೆ ರೀವಗಳು ಮೊಟ್ಟೆಯಿಟ್ಟಿದ್ದವು. ಇಂಗ್ಲಿಷಿನಲ್ಲಿ ಟರ್ನ್ ಎನ್ನುತ್ತಾರಲ್ಲ, ಆ ಹಕ್ಕಿ. ಬೂದುಬಣ್ಣದ ಮೈ, ಕರಿಯ ಟೊಪ್ಪಿಗೆ, ಹಳದಿ ಕೊಕ್ಕು, ಕವಲೊಡೆದ ಬಾಲ. ಇವು ಗೂಡು ಕಟ್ಟುವುದಿಲ್ಲ. ಮರಳಿನಲ್ಲಿ ಒಂದು ಸಣ್ಣ ಕುಳಿ, ಅದರಲ್ಲಿ ಮರಳಿನದೇ ಬಣ್ಣದ, ಚುಕ್ಕೆಯಿರುವ ಎರಡು ಮೂರು ಮೊಟ್ಟೆಗಳು. ಬಿಸಿಲಿನಲ್ಲಿ ಮರಳು ಕಾಯುವುದರಿಂದ ಗಂಡು ಹೆಣ್ಣು ಸರದಿಯ ಮೇಲೆ ಮೊಟ್ಟೆಗಳಿಗೆ ನೆರಳು ಹಿಡಿಯಬೇಕು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇವು ಸಾವಿರಗಟ್ಟಲೆ ಮರಿ ಮಾಡುತ್ತವೆ. ನಮ್ಮ ದಿನ್ನೆಯ ಮೇಲೆ ಇದ್ದುದು ಬೆರಳೆಣಿಕೆಯ ಜೋಡಿಗಳು.

ನಾನು ಮೂರು ಸಂಜೆ ಹೋದೆ. ಹಕ್ಕಿಗಳು ಏಳುತ್ತಿದ್ದುದು ಒಂದೊಂದಾಗಿ, ದೂರದಲ್ಲಿ. ನನಗೆ ಬೇಕಾಗಿದ್ದುದು ಇಡೀ ಹಿಂಡು ಒಮ್ಮೆಲೇ ರೆಕ್ಕೆ ಬಿಚ್ಚಿದ ಚಿತ್ರ. ಮೂರನೆಯ ಸಂಜೆ ಸೂರ್ಯ ಕಬ್ಬಿನ ಹಿಂದೆ ಇಳಿದುಬಿಟ್ಟ. ಮಾಪಕ 1/60 ಎಂದಿತು. ಫಿಲ್ಮನ್ನು 1600ಕ್ಕೆ ಎಳೆದರೆ 1/250. ಇನ್ನು ಹತ್ತು ನಿಮಿಷ ಕಳೆದರೆ ಅದೂ ಇಲ್ಲ. ದೋಣಿ ನಡೆಸುತ್ತಿದ್ದ ಹಿರಿಯ ಅಂಬಿಗನಿಗೆ, “ಕಾಕಾ, ದಿನ್ನಿ ಹತ್ರ ನಡೀರಿ” ಎಂದೆ. “ಬ್ಯಾಡ್ರಿ ಮಾಸ್ತರ್ರ, ತತ್ತಿ ಅದಾವು” ಎಂದ. “ಎರಡ ಮಿನಿಟ ಕಾಕಾ” ಎಂದೆ. ಅವನು ಮಾತನಾಡದೆ ಹುಟ್ಟು ಹಾಕಿದ. ಹತ್ತಿರವಾದಾಗ ನಾನು ದೋಣಿಯಲ್ಲಿ ಎದ್ದು ನಿಂತು ಹೆಗಲ ಮೇಲಿನ ಪಂಚೆಯನ್ನು ಒಮ್ಮೆ ಬೀಸಿದೆ.

ಎಲ್ಲವೂ ಎದ್ದವು. ಕಿರಿಚುತ್ತ ನಮ್ಮ ತಲೆಯ ಮೇಲೆಯೇ ಸುತ್ತಿದವು. ನಾನು ಕ್ಯಾಮೆರಾದ ಕಿಂಡಿಗೆ ಕಣ್ಣು ಅಂಟಿಸಿ ಎಂಟು ಚಿತ್ರ ತೆಗೆದೆ. ಹಿಂದಿನಿಂದ ಕಾಕಾ, “ಕಾಗಿ ನೋಡ್ರಿ, ಕಾಗಿ ನೋಡ್ರಿ” ಎನ್ನುತ್ತಿದ್ದ. ನನಗೆ ಕೇಳಿಸಿತು, ಆದರೆ ನೋಡಲಿಲ್ಲ. ಕಿಂಡಿಯಲ್ಲಿ ಕಾಗೆ ಇರಲಿಲ್ಲ, ಅಥವಾ ಇಲ್ಲವೆಂದು ಭಾವಿಸಿದ್ದೆ.

ಎಂಟರಲ್ಲಿ ಒಂದು ಅಪರೂಪದ ಚಿತ್ರವಾಗಿ ಬಂದಿತು. ಹನ್ನೊಂದು ರೀವಗಳು, ಮಸುಕಾದ ಹೊಳೆಯ ಮೇಲೆ, ರೆಕ್ಕೆಗಳೆಲ್ಲ ಮೇಲೆತ್ತಿದ ಹದದಲ್ಲಿ. ರೆಕ್ಕೆ ಮೇಲಿನ ತುದಿಯಲ್ಲಿ ಕ್ಷಣ ನಿಲ್ಲುವುದರಿಂದ ಅದೃಷ್ಟವಶಾತ್ ಗರಿಗಳೂ ಮೂಡಿದ್ದವು. ಎನ್‌ಲಾರ್ಜರಿನ ಕೆಳಗೆ ಅದನ್ನು ದೊಡ್ಡದು ಮಾಡುತ್ತಿದ್ದಾಗ ಎಡಗಡೆಯ ಕೆಳಮೂಲೆಯಲ್ಲಿ ಒಂದು ಕರಿಯ ಕಲೆ ಕಂಡಿತು. ಧೂಳೆಂದು ಒರೆಸಿದೆ, ಹೋಗಲಿಲ್ಲ. ಇನ್ನೂ ದೊಡ್ಡದು ಮಾಡಿದೆ. ಕಾಗೆ. ಅದರ ಕೊಕ್ಕಿನಲ್ಲಿ ಮೊಟ್ಟೆ.

ಆ ಮೂಲೆಯನ್ನು ಬಿಟ್ಟು ಮುದ್ರಿಸಿದೆ. ಒಂದು ಸ್ಪರ್ಧೆಗೆ ಕಳಿಸಿದೆ. ಬಹುಮಾನ ಬಂದಿತು. ಇದನ್ನು ನಾನು ಈವರೆಗೆ ಸಾರ್ವಜನಿಕವಾಗಿ ಹೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಬೇರಾವುದೋ ಕಾರಣಕ್ಕೆ ಓದಬೇಕಾಯಿತು. ಅದರಲ್ಲಿ ಬೇಟೆ ಎಂಬ ಶಬ್ದದ ಅರ್ಥವನ್ನು ವಿವರಿಸುವಾಗ, ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಇವುಗಳ ಜೊತೆಗೆ ಕಾಡುಹಕ್ಕಿಗಳ ಮೊಟ್ಟೆಗಳನ್ನು ಅಥವಾ ಗೂಡುಗಳನ್ನು ಕಲಕುವುದನ್ನೂ ಸೇರಿಸಿದ್ದಾರೆ. ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಬಂದು ಬಹಳ ಹೊತ್ತು ಕುಳಿತಿದ್ದೆ.

ಈಗಿನ ಕ್ಯಾಮೆರಾಗಳ ಮಾತು ಬೇರೆ. 400ರ ಬದಲು 12800ರ ಸಂವೇದನೆ, ಸೆಕೆಂಡಿಗೆ 20 ಚಿತ್ರ, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಯಂತ್ರ. ನನ್ನ 1/30ರ ಮುಂಜಾವಿನಲ್ಲಿ ಇಂದಿನ ಹುಡುಗ 1/1000ರಲ್ಲಿ ಚಿತ್ರ ತೆಗೆಯುತ್ತಾನೆ. ಸಂತೋಷದ ವಿಷಯವೇ, ನನಗೂ ಅಂಥದೊಂದು ಇದೆ. ಇಷ್ಟು ಸೌಕರ್ಯವಿದ್ದ ಮೇಲೆ ಹಕ್ಕಿಯನ್ನು ಎಬ್ಬಿಸುವ ಅಗತ್ಯವೇ ಇರಬಾರದಾಗಿತ್ತು. ಆದರೂ ಹಿಂಡಿಗೆ ಕಲ್ಲೆಸೆಯುವವರನ್ನೂ, ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಅದನ್ನು ಕಂಗೆಡಿಸಿ ಕರೆಯುವವರನ್ನೂ ನಾನು ಹೊಳೆದಂಡೆಯಲ್ಲಿ ಕಂಡಿದ್ದೇನೆ. ಅವರನ್ನು ಗದರಿಸಲು ಬಾಯಿ ತೆರೆಯುತ್ತೇನೆ, ಪಂಚೆಯ ನೆನಪಾಗಿ ಸ್ವರ ತಗ್ಗುತ್ತದೆ. ರೀವಗಳಿಗೆ ಬೇರೆ ಸಂಕಟಗಳೂ ಸಾಕಷ್ಟಿವೆ. 2019ರ ಬೇಸಿಗೆಯಲ್ಲಿ ನದಿ ಬತ್ತಿ, ಕೊಯ್ನೆಯ ನೀರು ಬಿಡಿರೆಂದು ನಮ್ಮವರು ಮೊರೆಯಿಟ್ಟರು. ಅದೇ ವರ್ಷದ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಿತು. ಹೊಳೆ ಬತ್ತಿದಾಗ ನಾಯಿಗಳು ನಡೆದುಕೊಂಡೇ ದಿನ್ನೆಗೆ ಹೋಗುತ್ತವೆ. ಮರಳು ಎತ್ತಿದ ಕಡೆ ದಿನ್ನೆಯೇ ಉಳಿಯುವುದಿಲ್ಲ. ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇಂದು ಈ ಹಕ್ಕಿಯ ಹೆಸರೂ ಸೇರಿದೆ.

ಆ ನೆಗೆಟಿವನ್ನು ನಾನು ಎಸೆಯಲಿಲ್ಲ. ಬಹಳ ವರ್ಷಗಳ ನಂತರ ಒಮ್ಮೆ ಅದನ್ನು ಯಾವ ಮೂಲೆಯನ್ನೂ ಬಿಡದೆ ಪೂರ್ತಿಯಾಗಿ ಮುದ್ರಿಸಿ, ಕಾಕಾನ ಮನೆಗೆ ಒಯ್ದೆ. ಅವನು ದೋಣಿ ಬಿಟ್ಟು ಕಾಲವಾಗಿತ್ತು; ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ. ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ಹಕ್ಕಿಗಳನ್ನು ಬಿಟ್ಟು, ನೇರವಾಗಿ ಕೆಳಮೂಲೆಯ ಮೇಲೆ ಬೆರಳಿಟ್ಟ.

“ಇದ ಒಂದ ಬಂದೈತಿ ನೋಡ್ರಿ ಇದರಾಗ,” ಎಂದ. “ಆವತ್ತ ಅದು ಮೂರು ಸರ್ತಿ ಬಂದಿತ್ರಿ ಮಾಸ್ತರ್ರ.”